ನಕಲಿಗೆ ತನ್ನ ಹೆಸರನ್ನೇ ಬರೆದವನು: ಟುರಿನ್‌ನ ಜೂಸೆಪ್ಪೆ ರೋಕ್ಕಾ

ಸ್ಟ್ರಾಡಿವಾರಿಯ ಹೆಸರನ್ನು ಕೇಳದ ಪಿಟೀಲು ವಾದಕರು ನಮ್ಮ ಧಾರವಾಡದಲ್ಲಿ ಸಿಗಲಾರರು. ಇಟಲಿಯ ಕ್ರೆಮೋನಾ ಎಂಬ ಊರಿನ ಆ ಮಹಾ ಪಿಟೀಲು ತಯಾರಕ 1737ರಲ್ಲಿ ತೀರಿಕೊಂಡ. ಅದೇ ಊರಿನ, ಅವನಿಗೆ ಸರಿಸಾಟಿ ಎನಿಸಿಕೊಂಡ ಗ್ವಾರ್ನೆರಿ ದೆಲ್ ಜೆಸು 1744ರಲ್ಲಿ ಹೋದ. ಆಮೇಲೆ ಏನಾಯಿತು ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ಕೇಳುವುದಿಲ್ಲ. ಶಿಖರ ಮುಟ್ಟಿಯಾಗಿರುವ ಒಂದು ಕಸುಬಿನಲ್ಲಿ ನೂರು ವರ್ಷ ತಡವಾಗಿ ಕೈಯಾಡಿಸಲು ಬಂದವನು ಏನು ಮಾಡಬೇಕು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಹಿಡಿದಿಟ್ಟಿದೆ. ಆ ಪ್ರಶ್ನೆಗೆ ನನಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಉತ್ತರ ಜೂಸೆಪ್ಪೆ ಆಂಟೋನಿಯೊ ರೋಕ್ಕಾ ಎಂಬ ಇಟಲಿಯ ಪಿಟೀಲು ತಯಾರಕನ ಬದುಕಿನಲ್ಲಿದೆ.

ರೋಕ್ಕಾ ಹುಟ್ಟಿದ್ದು 1807ರಲ್ಲಿ, ವಾಯವ್ಯ ಇಟಲಿಯ ಪಿಯೆಡ್ಮಾಂಟ್ ಸೀಮೆಯ ಬಾರ್ಬರೆಸ್ಕೊ ಎಂಬ ಊರಿನಲ್ಲಿ. ಆಲ್ಬಾ ಪಟ್ಟಣದ ಸುತ್ತಲಿನ, ದ್ರಾಕ್ಷಿ ತೋಟಗಳ ಗುಡ್ಡಗಾಡು ಅದು. ಮೊದಲು ಬ್ರೆಡ್ ಬೇಯಿಸುವ ಕೆಲಸ ಮಾಡಿಕೊಂಡಿದ್ದ ಎಂದು ಅವನ ಜೀವನವನ್ನು ಬರೆದವರು ಹೇಳುತ್ತಾರೆ. 1834ರ ಸುಮಾರಿಗೆ, ಅಂದರೆ ವಯಸ್ಸು ಇಪ್ಪತ್ತೇಳರ ಹತ್ತಿರ ಬಂದಾಗ, ಆಗಿನ ಸಾರ್ಡೀನಿಯಾ ರಾಜ್ಯದ ರಾಜಧಾನಿಯಾಗಿದ್ದ ಟುರಿನ್ ನಗರಕ್ಕೆ ಬಂದು ಜೊವಾನ್ನಿ ಫ್ರಾಂಚೆಸ್ಕೊ ಪ್ರೆಸ್ಸೆಂಡಾ ಎಂಬ ಹಿರಿಯ ತಯಾರಕನ ಕೈಕೆಳಗೆ ಸೇರಿದ. ಕುಲಕಸುಬಿನ ಮನೆಯಲ್ಲಿ ಹುಟ್ಟಿ ಹತ್ತು ಹನ್ನೆರಡರ ವಯಸ್ಸಿಗೇ ಉಳಿ ಹಿಡಿದ ಹುಡುಗರ ಎದುರಿಗೆ ಇದು ಬಹಳ ತಡವಾದ ಆರಂಭ.

ಗುರುವೂ ಅಂಥವನೇ. ಪ್ರೆಸ್ಸೆಂಡಾ 1777ರಲ್ಲಿ ಅದೇ ಆಲ್ಬಾ ಸೀಮೆಯ ಲೆಕ್ವಿಯೊ ಬೆರಿಯಾ ಎಂಬ ಹಳ್ಳಿಯಲ್ಲಿ ಹುಟ್ಟಿದವನು. ನಡುವಯಸ್ಸಿಗೆ ಬಂದ ಮೇಲೆಯೇ ಟುರಿನ್‌ನಲ್ಲಿ ನೆಲೆ ಕಂಡವನು. ಆತ ಯೌವನದಲ್ಲಿ ಕ್ರೆಮೋನಾಕ್ಕೆ ಹೋಗಿ ಸ್ಟೋರಿಯೋನಿ ಎಂಬುವನ ಬಳಿ ವಿದ್ಯೆ ಕಲಿತ ಎಂಬ ಕಥೆಯೊಂದು ಬಹುಕಾಲ ಪುಸ್ತಕದಿಂದ ಪುಸ್ತಕಕ್ಕೆ ಹರಿದು ಬಂದಿತ್ತು. ಈಗಿನ ಸಂಶೋಧಕರು ಅದನ್ನು ಅಷ್ಟಾಗಿ ನಂಬುವುದಿಲ್ಲ. ದೊಡ್ಡ ಪರಂಪರೆಯ ಜೊತೆ ನೇರ ಸಂಬಂಧ ಕಲ್ಪಿಸುವ ಆಸೆ ಎಲ್ಲ ದೇಶಗಳಲ್ಲೂ ಒಂದೇ ಬಗೆಯದು. ನಿಜವಾಗಿ ಪ್ರೆಸ್ಸೆಂಡಾನಿಗೆ ದಾರಿ ತೋರಿದವರು ಟುರಿನ್‌ನಲ್ಲಿದ್ದ ಫ್ರೆಂಚ್ ಕುಶಲಕರ್ಮಿಗಳು. 1814ರವರೆಗೂ ಪಿಯೆಡ್ಮಾಂಟ್ ಫ್ರೆಂಚರ ಆಳ್ವಿಕೆಯಲ್ಲಿತ್ತು. ಫ್ರಾನ್ಸಿನಿಂದ ಬಂದು ಅಲ್ಲಿ ಅಂಗಡಿ ಇಟ್ಟಿದ್ದ ಲೇತೆ ಎಂಬುವನ ಕಾರ್ಯಾಗಾರದಲ್ಲಿ ದುಡಿದು, 1820ರ ದಶಕದ ಮೊದಲಿಗೆ ಪ್ರೆಸ್ಸೆಂಡಾ ಸ್ವಂತ ಹೆಸರಿನಲ್ಲಿ ಕೆಲಸ ಶುರುಮಾಡಿದ. ಅರಮನೆಯ ವಾದ್ಯವೃಂದವನ್ನು ನಡೆಸುತ್ತಿದ್ದ ಪಿಟೀಲು ವಾದಕ ಪೊಲ್ಲೆದ್ರೊ ಅವನಿಗೆ ಬೆಂಬಲವಾಗಿ ನಿಂತ. ಅಗಲವಾದ ಎದೆ, ಗಟ್ಟಿಯಾದ ಅಂಚು, ಕೆಂಪುಕಂದಿನ ದಟ್ಟ ವಾರ್ನಿಶ್, ದೊಡ್ಡ ಸಭಾಂಗಣದ ಕೊನೆಯ ಸಾಲಿಗೂ ತಲುಪುವ ದನಿ: ಇವು ಅವನ ಪಿಟೀಲುಗಳ ಗುರುತು.

ಇಂಥ ಕಾರ್ಯಾಗಾರಕ್ಕೆ ಹೊಸದಾಗಿ ಬಂದವನು ಕಲಿಯಬೇಕಾದದ್ದು ಏನು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ವಾದ್ಯವನ್ನು ದಿನವೂ ಮಡಿಲಲ್ಲಿಟ್ಟುಕೊಳ್ಳುವ ನಮ್ಮಲ್ಲಿ ಅನೇಕರಿಗೆ ಅದರ ಒಳಗು ಗೊತ್ತಿಲ್ಲ. ಪಿಟೀಲಿನ ಮುಂಭಾಗದ ಹಲಗೆಗೆ ಸ್ಪ್ರೂಸ್ ಮರ, ಹಿಂಭಾಗಕ್ಕೂ ಪಕ್ಕದ ಗೋಡೆಗಳಿಗೂ ಕುತ್ತಿಗೆಗೂ ಮೇಪಲ್ ಮರ. ಆಲ್ಪ್ಸ್ ಪರ್ವತದ ಚಳಿಯಲ್ಲಿ ನಿಧಾನವಾಗಿ ಬೆಳೆದ ಸ್ಪ್ರೂಸ್‌ನ ಎಳೆಗಳು ಒತ್ತೊತ್ತಾಗಿ, ನೇರವಾಗಿ ಇರುತ್ತವೆ. ಅದು ಹಗುರ, ಆದರೆ ಉದ್ದಕ್ಕೆ ಬಹಳ ಬಿಗಿ. ಈ ಎರಡು ಗುಣ ಒಟ್ಟಿಗೇ ಇರುವುದರಿಂದಲೇ ಕಮಾನಿನ ಸಣ್ಣ ಎಳೆತಕ್ಕೂ ಹಲಗೆ ಓಗೊಡುತ್ತದೆ. ತುಂಡನ್ನು ಎಳೆಯ ಗುಂಟ ಸೀಳಿ, ವರ್ಷಗಟ್ಟಲೆ ಒಣಗಿಸಿ, ಎರಡು ಹೋಳುಗಳನ್ನು ನಡುವೆ ಜೋಡಿಸಿ, ಆ ದಪ್ಪ ಹಲಗೆಯಿಂದ ಕಮಾನಾಕಾರದ ಉಬ್ಬನ್ನು ಕೆತ್ತಿ ತೆಗೆಯುತ್ತಾರೆ. ಹಲಗೆಯನ್ನು ಬಗ್ಗಿಸಿ ಉಬ್ಬು ತರುವುದಲ್ಲ, ಮರವನ್ನು ಕಳೆಯುತ್ತ ಕಳೆಯುತ್ತ ಉಬ್ಬನ್ನು ಕಾಣುವುದು. ಮೊದಲು ಒರಟು ಉಳಿ, ಆಮೇಲೆ ಬೆರಳಿನಷ್ಟೇ ಉದ್ದದ ಪುಟ್ಟ ಕೀಸುಳಿಗಳು, ಕೊನೆಗೆ ಉಕ್ಕಿನ ತೆಳುಪಟ್ಟಿಯಿಂದ ಹೆರೆಯುವುದು.

ಹೊರಗಿನ ಉಬ್ಬು ಕಣ್ಣಿಗೆ ಕಾಣುತ್ತದೆ. ನಿಜವಾದ ಪರೀಕ್ಷೆ ಒಳಗಿನದು. ಮುಂಭಾಗದ ಹಲಗೆಯನ್ನು ಸುಮಾರು ಎರಡೂವರೆಯಿಂದ ಮೂರು ಮಿಲಿಮೀಟರ್ ದಪ್ಪ ಉಳಿಯುವವರೆಗೆ ಒಳಗಿನಿಂದ ತೋಡಬೇಕು. ಹಿಂಭಾಗದ ಹಲಗೆ ನಡುವಿನಲ್ಲಿ ನಾಲ್ಕೂವರೆ ಮಿಲಿಮೀಟರ್‌ನಷ್ಟಿದ್ದು, ಅಂಚಿನ ಕಡೆಗೆ ಬರುಬರುತ್ತ ಎರಡೂವರೆಗೆ ಇಳಿಯಬೇಕು. ಪಕ್ಕದ ಗೋಡೆಗಳ ದಪ್ಪ ಒಂದು ಮಿಲಿಮೀಟರ್‌ನ ಆಸುಪಾಸು. ಅವನ್ನು ಒದ್ದೆ ಮಾಡಿ, ಕಾದ ಕಬ್ಬಿಣಕ್ಕೆ ಒತ್ತಿ ಬಾಗಿಸುತ್ತಾರೆ. ಈ ಅಂಕಿಗಳನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು, ಆದರೆ ಎರಡು ಮರ ಒಂದೇ ಬಗೆಯಾಗಿ ಇರುವುದಿಲ್ಲ. ಒಂದು ಹಲಗೆ ಮೂರು ಮಿಲಿಮೀಟರ್‌ಗೇ ದನಿಗೂಡಿದರೆ ಇನ್ನೊಂದು ಎರಡೂವರೆಗೂ ಮೂಕವಾಗಿರುತ್ತದೆ. ತಯಾರಕ ಹಲಗೆಯನ್ನು ಬೆರಳಲ್ಲಿ ಹಿಡಿದು ಬಗ್ಗಿಸಿ, ತಟ್ಟಿ, ಕಿವಿಗಿಟ್ಟು ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುತ್ತಾನೆ. ಹೆರೆದ ಮರ ಮತ್ತೆ ಬಂದು ಕೂಡಿಕೊಳ್ಳುವುದಿಲ್ಲ.

ನಾಲ್ಕು ತಂತಿಗಳ ಒಟ್ಟು ಎಳೆತ 20 ಕಿಲೋಗ್ರಾಂಗೂ ಹೆಚ್ಚು. ಅದರ ಒಂದು ಪಾಲು, ತಂತಿಗಳನ್ನು ಎತ್ತಿ ಹಿಡಿಯುವ ‘ಕುದುರೆ’ ಎಂಬ ಮರದ ತುಂಡಿನ ಮೂಲಕ, ಈ ತೆಳು ಹಲಗೆಯ ಮೇಲೆ ಕೆಳಮುಖವಾಗಿ ಬೀಳುತ್ತದೆ. ಕುದುರೆಯ ಮಂದ್ರದ ಕಾಲಿನ ಕೆಳಗೆ ಉದ್ದಕ್ಕೆ ಅಂಟಿಸಿದ ಬಾಸ್ ಪಟ್ಟಿಯೂ, ತಾರದ ಕಾಲಿನ ಹಿಂದೆ ಎರಡು ಹಲಗೆಗಳ ನಡುವೆ ಅಂಟಿಲ್ಲದೆ ಒತ್ತಿ ನಿಂತ ಸಣ್ಣ ಕಡ್ಡಿಯೂ ಆ ಭಾರವನ್ನು ಹಂಚಿಕೊಳ್ಳುತ್ತವೆ. ಆ ಕಡ್ಡಿಯನ್ನು ಒಂದು ಮಿಲಿಮೀಟರ್ ಅತ್ತಿತ್ತ ಸರಿಸಿದರೂ ವಾದ್ಯದ ಸ್ವಭಾವ ಬದಲಾಗುತ್ತದೆ. ಸ್ಟ್ರಾಡಿವಾರಿಯ ಕಾಲದಲ್ಲಿ ಕುತ್ತಿಗೆ ಗಿಡ್ಡವಾಗಿತ್ತು, ಹಿಂದಕ್ಕೆ ಬಾಗಿದ್ದೂ ಕಡಿಮೆ, ಬಾಸ್ ಪಟ್ಟಿಯೂ ಸಣ್ಣದು. ಹತ್ತೊಂಬತ್ತನೆಯ ಶತಮಾನಕ್ಕೆ ಸಭಾಂಗಣಗಳು ದೊಡ್ಡವಾಗಿ, ಶ್ರುತಿ ಏರಿದಾಗ ಹಳೆಯ ಪಿಟೀಲುಗಳನ್ನೆಲ್ಲ ಬಿಚ್ಚಿ ಉದ್ದ ಕುತ್ತಿಗೆ, ಬಲವಾದ ಪಟ್ಟಿ ಹಾಕಿದರು. ಪ್ರೆಸ್ಸೆಂಡಾ ಮತ್ತು ರೋಕ್ಕಾ ಮೊದಲಿನಿಂದಲೇ ಈ ಹೊಸ ಭಾರಕ್ಕೆ ತಕ್ಕಂತೆ ಕಟ್ಟಿದರು. ಅವರ ವಾದ್ಯಗಳು ಇಂದಿಗೂ ವೇದಿಕೆಯ ಮೇಲೆ ಗಟ್ಟಿಯಾಗಿ ನಿಲ್ಲುವುದಕ್ಕೆ ಇದೂ ಒಂದು ಕಾರಣ ಎಂದು ನಾನು ತಿಳಿಯುತ್ತೇನೆ.

ಮೂರು ನಾಲ್ಕು ವರ್ಷ ಪ್ರೆಸ್ಸೆಂಡಾನ ಬಳಿ ದುಡಿದು 1830ರ ದಶಕದ ಕೊನೆಗೆ ರೋಕ್ಕಾ ತನ್ನದೇ ಕೆಲಸ ಆರಂಭಿಸಿದ. ಆಗಿನ ಅವನ ಪಿಟೀಲುಗಳಲ್ಲಿ ಗುರುವಿನ ಮುಖವೇ ಕಾಣುತ್ತದೆ. 1840ರ ದಶಕದ ಆರಂಭದಲ್ಲಿ ಮಾತ್ರ ಒಮ್ಮೆಗೇ ಎಲ್ಲ ಬದಲಾಯಿತು: ಮಾದರಿ ಬೇರೆ, ಅಂಚಿನ ತೀಕ್ಷ್ಣತೆ ಬೇರೆ, ಎಫ್ ಆಕಾರದ ರಂಧ್ರಗಳ ನಡೆ ಬೇರೆ. ಈ ತಿರುವಿನ ಹಿಂದೆ ಇದ್ದವನು ಲುಯಿಜಿ ಟಾರಿಸಿಯೊ ಎಂಬ ವಿಚಿತ್ರ ಮನುಷ್ಯ. ಇಟಲಿಯ ಹಳ್ಳಿಹಳ್ಳಿ, ಮಠಮಠ ಸುತ್ತಿ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಪಿಟೀಲುಗಳನ್ನು ಕಲೆಹಾಕಿ ಪ್ಯಾರಿಸ್ಸಿಗೆ ಒಯ್ದು ಮಾರುತ್ತಿದ್ದವನು ಅವನು. 1827ರಲ್ಲಿ ಕೌಂಟ್ ಕೋಜಿಯೊ ದಿ ಸಲಾಬುವೆ ಎಂಬ ಶ್ರೀಮಂತ ಸಂಗ್ರಾಹಕನಿಂದ 1716ರ ಒಂದು ಸ್ಟ್ರಾಡಿವಾರಿ ಅವನ ಕೈಸೇರಿತು. ಸ್ಟ್ರಾಡಿವಾರಿ ಸಾಯುವವರೆಗೂ ಮಾರದೆ ಮನೆಯಲ್ಲೇ ಉಳಿದಿದ್ದ, ಯಾರೂ ಹೆಚ್ಚು ನುಡಿಸದ, ಇನ್ನೂ ಹೊಸದರಂತೆ ಹೊಳೆಯುತ್ತಿದ್ದ ಪಿಟೀಲು ಅದು. ಟಾರಿಸಿಯೊ ಅದರ ವರ್ಣನೆಯನ್ನು ಪ್ಯಾರಿಸ್‌ನಲ್ಲಿ ವರ್ಷಗಟ್ಟಲೆ ಮಾಡಿದನೇ ಹೊರತು ವಾದ್ಯವನ್ನು ಒಮ್ಮೆಯೂ ತೋರಿಸಲಿಲ್ಲ. ಸದಾ ಕಾಯಿಸುತ್ತ, ಎಂದೂ ಬಾರದ, ಯಹೂದ್ಯರು ಎದುರುನೋಡುವ ಉದ್ಧಾರಕ ಮೆಸ್ಸಾಯನಂತಿದೆ ಇದು ಎಂದು ವಾದಕ ಅಲಾರ್ ಉದ್ಗರಿಸಿದ್ದರಿಂದ ಅದಕ್ಕೆ ‘ಮೆಸ್ಸಾಯ’ ಎಂಬ ಹೆಸರೇ ನಿಂತಿತು. ಗ್ವಾರ್ನೆರಿ ದೆಲ್ ಜೆಸುವಿನ 1742ರ ಇನ್ನೊಂದು ಪಿಟೀಲೂ ಟಾರಿಸಿಯೊನ ಬಳಿ ಇತ್ತು. ಮುಂದೆ ಅದು ಇದೇ ಅಲಾರ್‌ನ ಹೆಸರಿನಿಂದ ಪ್ರಸಿದ್ಧವಾಯಿತು.

ಪ್ಯಾರಿಸ್ಸಿನ ದೊಡ್ಡವರಿಗೆ ಸಿಗದ ದರ್ಶನ ಟುರಿನ್‌ನ ಈ ಮಾಜಿ ಬ್ರೆಡ್ ಕೆಲಸಗಾರನಿಗೆ ಸಿಕ್ಕಿತು ಎಂಬುದನ್ನು ಅವನ ಪಿಟೀಲುಗಳೇ ಹೇಳುತ್ತವೆ. ಅಲ್ಲಿಂದ ಮುಂದೆ ಅವನ ಕೆಲಸವೆಲ್ಲ ಬಹುತೇಕ ಈ ಎರಡು ಮಾದರಿಗಳನ್ನೇ ಹಿಡಿದು ನಡೆಯಿತು. ನನ್ನ ಗಮನವನ್ನು ಸೆಳೆಯುವುದು ಆತ ಏನನ್ನು ತೆಗೆದುಕೊಂಡ, ಏನನ್ನು ಬಿಟ್ಟ ಎಂಬುದು. ಪ್ಯಾರಿಸ್ಸಿನ ಪ್ರಖ್ಯಾತ ತಯಾರಕ ವಿಯೋಮ್ ಹಳೆಯ ವಾದ್ಯಗಳನ್ನು ನಕಲು ಮಾಡುವಾಗ ವಾರ್ನಿಶ್ಶನ್ನು ಅಲ್ಲಲ್ಲಿ ಸವೆಸಿ, ನೂರು ವರ್ಷದ ಬಳಕೆಯ ಗುರುತುಗಳನ್ನೂ ಹೊಸ ಮರದ ಮೇಲೆ ಮೂಡಿಸುತ್ತಿದ್ದ. ಅದೂ ಅಸಾಧಾರಣ ಕೌಶಲವೇ. ರೋಕ್ಕಾ ಹೆಚ್ಚಾಗಿ ಆ ದಾರಿ ಹಿಡಿಯಲಿಲ್ಲ. ಆತ ಕಂಡ ಮೆಸ್ಸಾಯ ಮುದಿಯಾಗಿ ಕಾಣುವ ವಾದ್ಯವಾಗಿರಲಿಲ್ಲ. ಉಳಿಯ ಗುರುತು ಇನ್ನೂ ಮಾಸದ, ಅಂಚುಗಳು ಇನ್ನೂ ಸವೆಯದ ವಾದ್ಯವಾಗಿತ್ತು. ಸ್ಟ್ರಾಡಿವಾರಿ ಮೇಜಿನಿಂದ ಕೈಯೆತ್ತಿದ ಗಳಿಗೆಯಲ್ಲಿ ಪಿಟೀಲು ಹೇಗಿದ್ದಿರಬಹುದೋ ಅದನ್ನು ಅವನು ಅನುಸರಿಸಿದ. ಸವಕಳಿಯನ್ನು ಅಣಕಿಸುವುದಕ್ಕೂ ಕೆತ್ತನೆಯನ್ನು ಅರ್ಥಮಾಡಿಕೊಳ್ಳುವುದಕ್ಕೂ ಇರುವ ದೂರ ಬಹಳ ದೊಡ್ಡದು.

ನಕಲು ಎಂದರೆ ಅಚ್ಚೊತ್ತಿದಂತೆ ಎಂದು ಭಾವಿಸಬಾರದು. ಹೊರರೇಖೆಯನ್ನು ತಗಡಿನ ಮೇಲೆ ಇಳಿಸಿಕೊಳ್ಳಬಹುದು; ಉಬ್ಬಿನ ಎತ್ತರವನ್ನು ಅಳೆಯಬಹುದು; ಮರವನ್ನು ನಕಲು ಮಾಡಲಾಗದು. ಪ್ರತಿ ಹಲಗೆಯ ಮುಂದೆಯೂ ತಯಾರಕ ತಾನೇ ತೀರ್ಮಾನ ತೆಗೆದುಕೊಳ್ಳಬೇಕು. ಆದ್ದರಿಂದಲೇ ರೋಕ್ಕಾನ ಸ್ಟ್ರಾಡಿವಾರಿ ಮಾದರಿಯ ಪಿಟೀಲನ್ನು ಬಲ್ಲವರು ದೂರದಿಂದಲೇ ರೋಕ್ಕಾ ಎಂದು ಗುರುತಿಸುತ್ತಾರೆ. 1844ರಲ್ಲಿ ಟುರಿನ್‌ನ ವಸ್ತುಪ್ರದರ್ಶನದಲ್ಲಿ ಅವನ ಕೆಲಸಕ್ಕೆ ಪದಕ ಸಿಕ್ಕಿತು. ಪಿಟೀಲಿನೊಳಗೆ ಅಂಟಿಸುವ ಚೀಟಿಯಲ್ಲಿ ಆತ ಬರೆದದ್ದು ಸ್ಟ್ರಾಡಿವಾರಿಯ ಹೆಸರನ್ನಲ್ಲ. ತನ್ನ ಹೆಸರನ್ನೂ ಟುರಿನ್ ಊರನ್ನೂ ವರ್ಷವನ್ನೂ ಲ್ಯಾಟಿನ್‌ನಲ್ಲಿ ಬರೆದ.

ಈ ಚೀಟಿಯ ಸಂಗತಿ ನಮ್ಮ ಸೀಮೆಗೆ ಬಹಳ ಹತ್ತಿರದ್ದು. ಹುಬ್ಬಳ್ಳಿ-ಧಾರವಾಡ, ಗದಗಿನ ಹಳೆಯ ಮನೆಗಳಲ್ಲಿ ಅಜ್ಜನ ಕಾಲದ ಪಿಟೀಲು ಇದ್ದರೆ, ಎಫ್ ರಂಧ್ರದೊಳಗೆ ಬ್ಯಾಟರಿ ಬೆಳಕು ಬಿಟ್ಟಾಗ ‘ಆಂಟೋನಿಯಸ್ ಸ್ಟ್ರಾಡಿವಾರಿಯಸ್ ಕ್ರೆಮೋನೆನ್ಸಿಸ್’ ಎಂಬ ಚೀಟಿ ಕಾಣುವುದು ಸಾಮಾನ್ಯ. ನಮ್ಮ ಅಜ್ಜ ಗದಗಿನಲ್ಲಿದ್ದಾಗ ಕೊಂಡ ಪಿಟೀಲಿನಲ್ಲೂ ಅದೇ ಇದೆ, ಕೆಳಗೆ ಚಿಕ್ಕ ಅಕ್ಷರದಲ್ಲಿ ಮೇಡ್ ಇನ್ ಜರ್ಮನಿ ಎಂದೂ ಇದೆ. ವಿದೇಶಿ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕೆಂದು ಬ್ರಿಟಿಷರು 1887ರಲ್ಲಿ ಕಾನೂನು ಮಾಡಿದ ನಂತರದ ಮಾಲು ಅದು. ಜರ್ಮನಿಯ ಮಾರ್ಕ್‌ನ್ಯೂಕಿರ್ಶೆನ್ ಸುತ್ತಿನ ಹಳ್ಳಿಗಳಲ್ಲಿ ಒಂದು ಮನೆಯವರು ಬರೀ ಕುತ್ತಿಗೆ, ಇನ್ನೊಂದು ಮನೆಯವರು ಬರೀ ಹಲಗೆ ಮಾಡಿ, ಡಜನ್ ಲೆಕ್ಕದಲ್ಲಿ ವ್ಯಾಪಾರಿಗಳಿಗೆ ಕೊಡುತ್ತಿದ್ದರು. ಒಂದು ಬೇಸಿಗೆಯಲ್ಲಿ ಅಜ್ಜನ ಪಿಟೀಲಿನ ಬೆಸುಗೆ ಬಿಟ್ಟುಕೊಂಡಾಗ ಧಾರವಾಡದಲ್ಲಿ ವಾದ್ಯ ರಿಪೇರಿ ಮಾಡುವ ಹಿರಿಯರೊಬ್ಬರು ತೆಳು ಚಾಕುವಿನಿಂದ ಮೇಲಿನ ಹಲಗೆಯನ್ನು ಪೂರ್ತಿ ಎಬ್ಬಿಸಿದರು. ಪಿಟೀಲಿಗೆ ಬಳಸುವುದು ಪ್ರಾಣಿಗಳ ಚರ್ಮ ಕಾಯಿಸಿ ತೆಗೆದ ಅಂಟಾದ್ದರಿಂದ ಮರಕ್ಕೆ ಪೆಟ್ಟಾಗದಂತೆ ಹೀಗೆ ಬಿಡಿಸಿ ಮತ್ತೆ ಕೂಡಿಸಬಹುದು. ಒಳಗನ್ನು ತೋರಿಸುತ್ತ ಅವರು ಅಂದರು: “ನೋಡ್ರಿ, ಬಾಸ್ ಪಟ್ಟಿ ಬ್ಯಾರೆ ಮಾಡಿ ಅಂಟಿಸಿಲ್ಲ, ಹಲಗಿ ತೋಡೋಮುಂದನ ಒಂದ್ ಏಣು ಬಿಟ್ಟಾರ. ಮೂಲ್ಯಾಗ ಗಟ್ಟಿ ಕಟಗಿ ತುಂಡೂ ಇಲ್ಲ.” ಹೊರಗಿನಿಂದ ಕಾಣದ ಕಡೆ ಕೆಲಸವನ್ನು ಕಡಿತ ಮಾಡಿದ್ದರು; ಕಾಣುವ ಕಡೆ ದೊಡ್ಡ ಹೆಸರು ಅಂಟಿಸಿದ್ದರು. ಆ ಹಳ್ಳಿಗರ ಬಡತನದ ದುಡಿಮೆಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಅವರ ಅಗ್ಗದ ವಾದ್ಯಗಳಿಲ್ಲದಿದ್ದರೆ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಪಿಟೀಲು ಬರುತ್ತಲೇ ಇರಲಿಲ್ಲ. ಆದರೆ ಅದೇ ಹೆಸರಿನ ಮುಂದೆ ರೋಕ್ಕಾ ನಡೆದುಕೊಂಡ ರೀತಿ ಬೇರೆಯೇ ಎಂಬುದು ಆ ತೆರೆದ ವಾದ್ಯದ ಎದುರಿಗೆ ನಿಂತಾಗ ನನಗೆ ಸ್ಪಷ್ಟವಾಯಿತು.

ತಾಲೀಮಿನ ಪರಿಚಯ ಇರುವ ಧಾರವಾಡದವರಿಗೆ ಈ ವ್ಯತ್ಯಾಸವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇಲ್ಲಿ ಶಿಷ್ಯನೊಬ್ಬ ವರ್ಷಗಟ್ಟಲೆ ಗುರುವಿನ ದನಿಯಲ್ಲೇ ಹಾಡಿದರೆ ಯಾರೂ ಅದನ್ನು ಕಳ್ಳತನ ಎನ್ನುವುದಿಲ್ಲ. ಮಲ್ಲಿಕಾರ್ಜುನ ಮನಸೂರರು ನೀಲಕಂಠಬುವಾ ಅವರಿಂದ ಗ್ವಾಲಿಯರ್ ಘರಾಣೆಯ, ಅಂದರೆ ಗಾಯನ ಪರಂಪರೆಯ, ಹಾಡುಗಾರಿಕೆ ಕಲಿತು ಹೆಸರು ಮಾಡಿದ ಮೇಲೆಯೂ ಮಂಜಿಖಾನರ ಮುಂದೆ, ಅವರ ನಂತರ ಬುರ್ಜಿಖಾನರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತು ಜೈಪುರ-ಅತ್ರೌಲಿ ಘರಾಣೆಯ ಚೀಜುಗಳನ್ನು, ಅಂದರೆ ಹಾಡಿನ ರಚನೆಗಳನ್ನು, ತೆಗೆದುಕೊಂಡರು. ಅವರು ಹಾಡಿದ ಚೀಜು ಘರಾಣೆಯದು, ಹಾಡುಗಾರಿಕೆ ಮನಸೂರರದು. ರೋಕ್ಕಾ ಪ್ರೆಸ್ಸೆಂಡಾನ ಮನೆಯಿಂದ ಹೊರಬಂದು, ಕೈ ಪಳಗಿದ ಮೇಲೆ, ಸತ್ತು ನೂರು ವರ್ಷವಾದ ಇಬ್ಬರ ಮುಂದೆ ಮತ್ತೆ ಶಿಷ್ಯನಾದ. ವ್ಯತ್ಯಾಸವೆಂದರೆ ಅವನ ಗುರುಗಳು ಮಾತಾಡಲಾರರು, ತಿದ್ದಲಾರರು. ಕಲಿಯಬೇಕಾದ್ದನ್ನೆಲ್ಲ ಮರದಿಂದಲೇ ಓದಿಕೊಳ್ಳಬೇಕಿತ್ತು.

ಈ ಓದು ಎಷ್ಟು ನಿಖರವಾಗಿತ್ತೆಂದರೆ ಅದು ಮುಂದೆ ಸಾಕ್ಷಿಯಾಗಿಯೂ ನಿಂತಿತು. 1854ರಲ್ಲಿ ಟಾರಿಸಿಯೊ ಸತ್ತ. ಮರುವರ್ಷ ವಿಯೋಮ್ ಇಟಲಿಗೆ ಧಾವಿಸಿ ಅವನ ಸಂಗ್ರಹವನ್ನೆಲ್ಲ ವಾರಸುದಾರರಿಂದ ಕೊಂಡ. ಅದರಲ್ಲಿ ಮೆಸ್ಸಾಯವೂ ಇತ್ತು. ಇಂದು ಅದು ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿದೆ. ಅಷ್ಟು ಹೊಸದಾಗಿ ಕಾಣುವ ಪಿಟೀಲು 1716ರದ್ದಾಗಿರಲು ಸಾಧ್ಯವೇ, ನಕಲಿನಲ್ಲಿ ನಿಸ್ಸೀಮನಾದ ವಿಯೋಮ್‌ನೇ ಇದನ್ನು ಮಾಡಿರಬಹುದಲ್ಲವೇ ಎಂದು 1990ರ ದಶಕದ ಕೊನೆಯಲ್ಲಿ ದೊಡ್ಡ ವಿವಾದವೆದ್ದಿತು. ಸ್ಪ್ರೂಸ್ ಹಲಗೆಯ ವಾರ್ಷಿಕ ಉಂಗುರಗಳನ್ನು ಅಳೆದ ತಜ್ಞರು ಆ ಮರ ಸ್ಟ್ರಾಡಿವಾರಿಯ ಕಾಲಕ್ಕೆ ಸೇರಿದ್ದೇ ಎಂದು ತೋರಿಸಿದರು. ಅದರ ಜೊತೆಗೆ ಇನ್ನೊಂದು ಸರಳ ಸಂಗತಿಯನ್ನೂ ಗಮನಿಸಬೇಕು: ವಿಯೋಮ್ ಆ ಪಿಟೀಲನ್ನು ಮುಟ್ಟುವ ಹತ್ತು ವರ್ಷ ಮೊದಲೇ ಟುರಿನ್‌ನಲ್ಲಿ ರೋಕ್ಕಾ ಅದರ ಮಾದರಿಯಲ್ಲಿ ಪಿಟೀಲು ಮಾಡಿ, ಒಳಗೆ ತನ್ನ ಹೆಸರು ಮತ್ತು ಇಸವಿ ಬರೆದಿಟ್ಟಿದ್ದ. ತನ್ನ ಚೀಟಿಯಲ್ಲಿ ಆತ ನಿಜ ಬರೆಯದೆ ಹೋಗಿದ್ದರೆ ಈ ಸಾಕ್ಷ್ಯ ಉಳಿಯುತ್ತಲೇ ಇರಲಿಲ್ಲ.

ನಮ್ಮ ಪದ್ಧತಿಯಲ್ಲಿ ನುಡಿಸುವವಳಾಗಿ ಒಂದು ಮಾತು ಹೇಳಬೇಕೆನಿಸುತ್ತದೆ. ನಾವು ನೆಲದ ಮೇಲೆ ಕುಳಿತು, ವಾದ್ಯದ ಸುರುಳಿಯನ್ನು ಪಾದಕ್ಕೆ ಊರಿ, ತಂತಿಗಳನ್ನು ಷಡ್ಜ-ಪಂಚಮಕ್ಕೆ ಇಳಿಸಿ ಶ್ರುತಿ ಮಾಡುತ್ತೇವೆ. ಎಳೆತ ಕಡಿಮೆಯಾದಾಗ ಮಂದ್ರದಲ್ಲಿ ದನಿ ಸಡಿಲವಾಗದೆ ತುಂಬಿ ಬರಬೇಕು; ಮೀಂಡಿನಲ್ಲಿ ಬೆರಳು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ನಡುವಿನ ಪ್ರತಿಯೊಂದು ಶ್ರುತಿಯೂ ಸಮನಾಗಿ ಕೇಳಬೇಕು. ತೆಳುವಾಗಿ ಹೆರೆದು ಸುಲಭಕ್ಕೆ ದನಿ ಬರಿಸಿದ ಪಿಟೀಲುಗಳು ಇಲ್ಲಿ ಸೋಲುತ್ತವೆ. ಹಲಗೆಯಲ್ಲಿ ಸಾಕಷ್ಟು ಮರ ಉಳಿಸಿ, ಒಳಗಿನ ಪಟ್ಟಿಯನ್ನು ಸರಿಯಾಗಿ ಕೂಡಿಸಿದ ವಾದ್ಯ ಮಾತ್ರ ನಿಲ್ಲುತ್ತದೆ. ಧಾರವಾಡದ ಮಳೆಗಾಲದಲ್ಲಿ ಬಿರಡೆಗಳು ತಿರುಗದಷ್ಟು ಬಿಗಿದು, ಬೇಸಿಗೆಯಲ್ಲಿ ನಿಲ್ಲದಷ್ಟು ಜಾರುವ ಹವೆಯಲ್ಲಂತೂ ಒಳಗಿನ ಕೆಲಸದ ಬೆಲೆ ವರ್ಷಕ್ಕೆರಡು ಬಾರಿ ತಿಳಿಯುತ್ತದೆ.

ರೋಕ್ಕಾನ ಕೊನೆಯ ವರ್ಷಗಳು ಸುಖದವಲ್ಲ. 1850ರ ನಂತರ ಟುರಿನ್ ಮತ್ತು ಜಿನೋವಾ ನಡುವೆ ಅಲೆದು, ಕೊನೆಗೆ ಜಿನೋವಾದಲ್ಲಿ ನಿಂತ. 1865ರ ಜನವರಿಯಲ್ಲಿ ಅಲ್ಲಿಯೇ ಬಾವಿಯ ನೀರಿನಲ್ಲಿ ಮುಳುಗಿ ತೀರಿಕೊಂಡ. ವಯಸ್ಸು ಐವತ್ತೇಳು. ಇಂದು ಅವನ ಪಿಟೀಲುಗಳು ಕೋಟಿಗಟ್ಟಲೆ ರೂಪಾಯಿಗೆ ಮಾರಾಟವಾಗುತ್ತವೆ. 1847ರಲ್ಲಿ ಹುಟ್ಟಿದ ಮಗ ಎನ್ರಿಕೊ ಆಗ ಇನ್ನೂ ಹುಡುಗ. ತಂದೆಯ ಕೈಕೆಳಗೆ ಪೂರ್ತಿ ವಿದ್ಯೆ ಮುಗಿಸುವಷ್ಟು ಕಾಲ ಅವನಿಗೆ ಸಿಗಲಿಲ್ಲ. ಆದರೂ ಜಿನೋವಾದಲ್ಲಿ ಮ್ಯಾಂಡೊಲಿನ್‌ಗಳನ್ನೂ ಆಮೇಲೆ ಪಿಟೀಲುಗಳನ್ನೂ ಮಾಡಿ, 1915ರಲ್ಲಿ ತೀರಿಕೊಳ್ಳುವ ಹೊತ್ತಿಗೆ ತನ್ನದೇ ಹೆಸರು ಸಂಪಾದಿಸಿದ್ದ.

ಟುರಿನ್‌ನಲ್ಲಿ ಈ ಎಳೆ ಮತ್ತೊಬ್ಬನ ಕೈಯಲ್ಲಿ ಮುಂದುವರಿಯಿತು. 1866ರಲ್ಲಿ, ರೋಕ್ಕಾ ಸತ್ತ ಮರುವರ್ಷ ಹುಟ್ಟಿದ ಆನ್ನಿಬಲೆ ಫಾನ್ಯೋಲಾ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದೇ ನಗರದಲ್ಲಿ ಪಿಟೀಲು ಮಾಡಲು ಕುಳಿತಾಗ ಮಾದರಿಗಾಗಿ ಕ್ರೆಮೋನಾದ ಕಡೆ ಮಾತ್ರ ನೋಡಲಿಲ್ಲ; ಪ್ರೆಸ್ಸೆಂಡಾ ಮತ್ತು ರೋಕ್ಕಾ ಮಾಡಿದ ವಾದ್ಯಗಳನ್ನು ಮುಂದಿಟ್ಟುಕೊಂಡು ಅವುಗಳನ್ನು ನಕಲು ಮಾಡಿದ.